ಗಂಧ ಹಚ್ಚಿಸಿಕೊಂಡು ಸುಮ್ಮನಿದ್ದ ತಕ್ಕಡಿಯವರಿಗೆ

ಬಾಥೆಲ್, ಅಕ್ಟೋಬರ್ ೨೦೦೬

ನಮ್ಮ ಗರಾಜಿನ ಮೇಜಿನ ಮೇಲೆ ವಿರಾಜಮಾನರಾಗಿರುವ, ಉಸಿರು ತಾಕಿದರೂ ಮುನಿಯುವ ತಕ್ಕಡಿಯವರ ಸನ್ನಿಧಾನಕ್ಕೆ, ಗುರಿಯಾಟದ ಬಂದೂಕಿನ ತೋಟಾಗಳಿಗೆ ಮನೆಯಲ್ಲೇ ಮದ್ದು ತೂಗಿ ತುಂಬಿಕೊಳ್ಳುವ ಚೇತನ್ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ, ತಮ್ಮ ಸೇವೆಯಲ್ಲಿ ನಾನು ಕೊರತೆ ಮಾಡಿದವನಲ್ಲ. ತಮಗೆ ಗಾಳಿ ಆಗದೆಂದು ಹೀಟರ್ ಆರಿಸಿ ನಡುಗುತ್ತ ಕುಳಿತಿದ್ದೇನೆ. ಅದುರು ಆಗದೆಂದು ಪಕ್ಕದ ವಾಷಿಂಗ್ ಮಷೀನ್ ನಿಲ್ಲಿಸಿ, ಎವರೆಟ್ಟಿನ ವಿಮಾನ ಕಾರ್ಖಾನೆಯ ಕೆಲಸಕ್ಕೆ ಹಿಂದಿನ ದಿನದ ಅಂಗಿಯಲ್ಲೇ ಹೋಗಿದ್ದೇನೆ. ಎಣ್ಣೆ ಸೋಕಿಸಬಾರದು, ಒಣ ಬ್ರಷ್ಷಿನಲ್ಲೇ ಧೂಳು ತೆಗೆಯಬೇಕು ಎಂಬ ತಮ್ಮ ಮಡಿಯನ್ನೂ ಚಾಚೂ ತಪ್ಪದೆ ಪಾಲಿಸಿದ್ದೇನೆ. ಇಷ್ಟು ಉಪಚಾರ ತನಗೆ ಬಾಣಂತನದಲ್ಲೂ ಆಗಲಿಲ್ಲವೆಂದು ನನ್ನ ಹೆಂಡತಿ ಶ್ರೀವಿದ್ಯಾ ಹೇಳುವುದುಂಟು.

ಅಂಥ ಸೂಕ್ಷ್ಮ ಸ್ವಭಾವದ ತಾವು, ಮೈಸೂರಿನಿಂದ ಈ ಪರದೇಶಕ್ಕೆ ಬಂದಿರುವ ನಮ್ಮ ಅತ್ತೆ ಅನಸೂಯಮ್ಮನವರು ಆಯುಧಪೂಜೆಯ ದಿನ ಕಾರು, ಸ್ಪ್ಯಾನರ್, ಮಿಕ್ಸಿಗಳ ಸಾಲಿನಲ್ಲಿ ತಮ್ಮನ್ನೂ ಕೂರಿಸಿ ಮದ್ದು ಸುರಿಯುವ ತಟ್ಟೆಯ ಅಡಿಗೆ ದಪ್ಪಗೆ ಗಂಧ ಹಚ್ಚಿದಾಗ ಮಾತ್ರ ತುಟಿ ಪಿಟಕ್ಕೆನ್ನದೆ ಕುಳಿತಿರಲ್ಲ, ಆ ದೊಡ್ಡತನವನ್ನು ಏನೆಂದು ಹೊಗಳಲಿ! ಪೂಜೆ ಮುಗಿದ ಮೇಲೆ ಮದ್ದು ತೂಗಲು ಕೂತ ನಾನು, ಮುಳ್ಳು ಸೊನ್ನೆ ಬಿಟ್ಟು ಸರಿದಿದ್ದನ್ನು ಕಂಡು, ಮೇಜು ಅಲುಗಿರಬೇಕೆಂದು ಪೆದ್ದನ ಹಾಗೆ ತಮ್ಮ ಕಾಲಿನ ತಿರುಪು ತಿರುಗಿಸಿ ಸರಿಮಾಡಿಕೊಂಡೆ. ಅತ್ತ ಅಡಿಯ ಗಂಧ ಒಣಗಿ ಹಗುರಾಗುತ್ತ ಹೋಯಿತು. ಇತ್ತ ಆ ಕೊರತೆ ತುಂಬಲು ತಾವು ನನ್ನ ಕೈಯಿಂದ ತೋಟಾದಿಂದ ತೋಟಾಕ್ಕೆ ಹೆಚ್ಚು ಮದ್ದು ಹಾಕಿಸಿಕೊಳ್ಳುತ್ತ, ಮುಳ್ಳನ್ನು ಮಾತ್ರ ಬಲು ಸಭ್ಯವಾಗಿ ಸೊನ್ನೆಯಲ್ಲೇ ನಿಲ್ಲಿಸಿದಿರಿ. ಕೊನೆಯಲ್ಲಿ ತೂಕದ ಬಟ್ಟು ಇಟ್ಟು ಪರೀಕ್ಷಿಸದೇ ಹೋಗಿದ್ದರೆ ಶನಿವಾರದ ಪಂದ್ಯದಲ್ಲಿ ಬಂದೂಕು ನನ್ನ ಮುಖದ ಮುಂದೆಯೇ ಸಿಡಿಯಬಹುದಿತ್ತು. ನಿಜ ಹೇಳುತ್ತೇನೆ, ತುಂಬಾ ಹೆದರಿದೆ.

ಪಂದ್ಯಕ್ಕೆ ಹೋಗುವ ಬದಲು ಶನಿವಾರವಿಡೀ ತೋಟಾ ಬಿಚ್ಚುತ್ತ ಕುಳಿತೆ. ಮೇಲೆ ಹಚ್ಚಿದರೆ ಮದ್ದಿಗೆ ತಾಗೀತೆಂದು ಅತ್ತೆಯವರು ಮುತುವರ್ಜಿಯಿಂದ ಅಡಿಗೆ ಹಚ್ಚಿದ್ದರಂತೆ. ಅವರನ್ನು ಗದರಲು ನನಗೆ ಬಾಯಿ ಬರಲಿಲ್ಲ, ಬರುವುದೂ ಬೇಡ. ಆದರೆ ನಡೆದದ್ದನ್ನು ಮೆಲ್ಲಗೆ ವಿವರಿಸಿದರೆ, “ನೋಡಿದ್ರಾ ಅಳಿಯಂದ್ರೇ, ಪೂಜೆ ಮಾಡಿದ್ದಕ್ಕೇ ಸರಿಯಾದ್ ಟೈಮಿಗೆ ಗೊತ್ತಾಯ್ತು” ಎಂದು ಕೈಮುಗಿದರು. ಈಗ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಅದೇ ಕಥೆ. ಮುಂದಿನ ವರ್ಷ ತಂತಮ್ಮ ತಕ್ಕಡಿಗಳನ್ನೂ ಪೂಜೆಗೆ ತರುವುದಾಗಿ ಇಬ್ಬರು ಹೇಳಿದ್ದಾರೆ.

ಆದ್ದರಿಂದ ತಾವು ದಯಮಾಡಿ ಒಮ್ಮೆ ಬಾಯಿ ಬಿಟ್ಟು, ಅತ್ತೆಯವರ ಸಮ್ಮುಖದಲ್ಲಿ ಸತ್ಯವನ್ನು ಸಾರಬೇಕೆಂದೂ, ನನ್ನ ಉಸಿರಿಗೆ ಕುಣಿಯುವುದರಲ್ಲಿ ಅರ್ಧದಷ್ಟಾದರೂ ಮುಂದಿನ ಸಲ ಗಂಧದ ಬಟ್ಟಲು ಕಂಡಾಗ ಕುಣಿದು ಕಿರುಚಬೇಕೆಂದೂ ಬೇಡಿಕೊಳ್ಳುತ್ತೇನೆ.

ಇನ್ನು ಮುಂದೆ ತಟ್ಟೆಯ ಅಡಿಯನ್ನೂ ನೋಡುವ,
ತಮ್ಮ ವಿಶ್ವಾಸಿ,
ಚೇತನ್

ವಿ.ಸೂ.: ತಮ್ಮ ಜಾಗಕ್ಕೆ ಬ್ಯಾಟರಿ ತಕ್ಕಡಿ ತರಿಸುತ್ತಿದ್ದೇನೆ. ಆದರೆ ಅಳಿಯನ ಜೀವ ಉಳಿಸಿದ ತಕ್ಕಡಿಯನ್ನು ಹೊರಗೆ ಹಾಕಲು ಅತ್ತೆಯವರು ಬಿಲ್‌ಕುಲ್ ಒಪ್ಪುತ್ತಿಲ್ಲ. ತಮ್ಮನ್ನು ದೇವರ ಗೂಡಿನಲ್ಲಿ ಇಡುತ್ತಾರಂತೆ. ಅಲ್ಲಿ ದಿನಾ ಗಂಧ. ಪಕ್ಕದಲ್ಲೇ ಎಣ್ಣೆ ದೀಪ.