ಗೇರ್ ಎಣ್ಣೆಯ ಅಳತೆಕಡ್ಡಿಯವರ ಸನ್ನಿಧಿಗೆ

...ಬಿಸಿಯಾದ ಮೇಲೆ ಕೇಳಿದರೆ ಮಾತ್ರ ಅದು ನಿಜ ಹೇಳುತ್ತದೆ ಎಂದೋ, ತಣ್ಣಗಿರುವಾಗ ಹೇಳಿದ್ದನ್ನು ನಂಬಬಾರದು ಎಂದೋ, ಟ್ರಕ್ಕಿನ ಹಳೆಯ ಯಜಮಾನರಾದ ತರಕಾರಿ ವ್ಯಾಪಾರಿ ಇನಾಬಾ-ಸಾನ್ ಕೀಲಿಕೈ ಒಪ್ಪಿಸುವಾಗ ಅಳತೆಕಡ್ಡಿಯಾದ ತಮ್ಮ ವಿಷಯವಾಗಿ ಏನೋ ಒಂದು ಮಾತು ಹೇಳಿದ್ದರು. ಆ ಹೊತ್ತಿಗೆ ನಾವೆಲ್ಲ ಸೊಂಟ ಬಗ್ಗಿಸಿ ವಂದಿಸುವುದರಲ್ಲಿ ತಲ್ಲೀನರಾಗಿದ್ದುದರಿಂದ ಆ ಮಾತಿನ ಅರ್ಧ ನಮ್ಮ ಬೆನ್ನಿನ ಮೇಲೆ ಹಾದುಹೋಯಿತು. ಆದಕಾರಣ, ಮಾನ್ಯ ಅಳತೆಕಡ್ಡಿಯವರೇ, ನಮ್ಮ ಹಳೆಯ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಪೆಟ್ಟಿಗೆಯೊಳಗೆ ಎಣ್ಣೆ ಎಷ್ಟಿದೆ ಎಂದು ಹೇಳಬಲ್ಲ ಏಕೈಕ ಅಧಿಕಾರಿಗಳಾದ ತಮಗೆ, ಟೋಕಿಯೊದ ಕೋಟೋ ವಾರ್ಡಿನ ಕನ್ನಡಿಗರ ಬಳಗದ ಪರವಾಗಿ ಅನಂತ ನಮಸ್ಕಾರಗಳು. ತಾವು ಆ ಸಪೂರ ಕೊಳವೆಯೊಳಗೆ ಕ್ಷೇಮವಾಗಿದ್ದೀರೆಂದು ನಂಬಿ ಈ ದೂರನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ ಮಾಡುವುದು ನನ್ನ ಕರ್ತವ್ಯ. ತಮ್ಮ ದರ್ಶನಕ್ಕಿರುವಷ್ಟು ಮಡಿ ನಮ್ಮ ಯಾವ ದೇವಸ್ಥಾನದಲ್ಲೂ ಇಲ್ಲ. ನೆಲ ಸಮತಟ್ಟಾಗಿರಬೇಕು, ಎಂಜಿನ್ ಓಡುತ್ತಲೇ ಇರಬೇಕು, ಗಾಡಿ ಒಂದಷ್ಟು ದೂರ ಸುತ್ತಿಬಂದು ಎಣ್ಣೆ ಚೆನ್ನಾಗಿ ಬಿಸಿಯೇರಿರಬೇಕು, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಒಂದೊಂದು ಗೇರಿನಲ್ಲೂ ಕ್ಷಣ ಕಾಲ ನಿಲ್ಲಿಸಿ ಮತ್ತೆ ಪಾರ್ಕಿಂಗಿಗೆ ತರಬೇಕು, ತಮ್ಮನ್ನು ಹೊರಗೆಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮರಳಿ ಪೂರ್ತಿ ಒಳಗಿಳಿಸಿ, ಎರಡನೆಯ ಸಲ ಎಳೆದಾಗ ತಾವು ಏನು ತೋರಿಸುತ್ತೀರೋ ಅದೇ ಸತ್ಯ. ಅದಕ್ಕೂ ತಮ್ಮ ಮೈಮೇಲೆ ಎರಡು ಗುರುತುಗಳು: ಕೆಳಗಿನದು ತಣ್ಣನೆಯ ಎಣ್ಣೆಗೆ, ಮೇಲಿನದು ಬಿಸಿ ಎಣ್ಣೆಗೆ. ಒಂದೇ ಪ್ರಶ್ನೆಗೆ ಹೊತ್ತು ನೋಡಿ ಎರಡು ಉತ್ತರ ಕೊಡುವವರನ್ನು ನಾನು ಕಚೇರಿಗಳಲ್ಲಿ ಬಹಳ ಕಂಡಿದ್ದೇನೆ, ಆದರೆ ಎರಡನ್ನೂ ಲೋಹದ ಮೇಲೆ ಕೆತ್ತಿಸಿಕೊಂಡ ಪ್ರಾಮಾಣಿಕರು ತಾವೊಬ್ಬರೇ.

ಭೂಕಂಪ, ಸುನಾಮಿಯಾದ ವರ್ಷದಲ್ಲಿ, ಉತ್ತರದ ಮಿಯಾಗಿ ಪ್ರಾಂತ್ಯದ ತಾತ್ಕಾಲಿಕ ವಸತಿಗಳಿಗೆ ಅಕ್ಕಿ, ಹೊದಿಕೆ ಸಾಗಿಸಲೆಂದು ಈ ಟ್ರಕ್ಕು ಬಳಗದ ಪಾಲಿಗೆ ಬಂತು. ಆಮೇಲೆ ನಮ್ಮವರು ಮನೆ ಬದಲಿಸುವಾಗಲೂ ಅದನ್ನು ಎರವಲು ಒಯ್ಯತೊಡಗಿದರು. ಪಕ್ಕದ ಮನೆಯಿಂದ ಪಾಯಸ ಬಂದರೆ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು, ತೊಳೆದು, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು ಎಂದು ಕಲಿತು ಬೆಳೆದವರು ನಾವು. ಟ್ರಕ್ಕೂ ಒಂದು ಪಾತ್ರೆಯೇ ಎಂದು ನಮ್ಮವರು ಭಾವಿಸಿದ್ದರಲ್ಲಿ ತಪ್ಪು ಹುಡುಕಲಾರೆ. ಡೀಸೆಲ್ ಅಂತೂ ಎಲ್ಲರೂ ತುಂಬಿಸುತ್ತಾರೆ. ಅದಕ್ಕಿಂತ ಒಂದು ತೂಕ ಹೆಚ್ಚಿನ ಸೌಜನ್ಯ ತೋರಬೇಕೆನ್ನುವವರು ಏನು ಮಾಡಿದರೆಂಬುದು ಕಳೆದ ತಿಂಗಳು, ಒಂದು ಬೆಟ್ಟದ ಏರಿನಲ್ಲಿ, ತಿಳಿದುಬಂತು.

ಅಂದು ನಾವು ಮಿಯಾಗಿಯ ಕನ್ನೋ-ಸಾನ್ ಎಂಬ ವೃದ್ಧೆಯನ್ನು ಸಾಗಿಸುತ್ತಿದ್ದೆವು. ಅವರ ಮನೆಯನ್ನೂ ಯಜಮಾನರನ್ನೂ ಸುನಾಮಿಯ ಅಲೆ ಒಯ್ದಿತ್ತು. ನಾಲ್ಕು ವರ್ಷ ತಗಡಿನ ಗೋಡೆಯ ಒಂದು ಕೋಣೆಯಲ್ಲಿ ಕಾದ ಮೇಲೆ ಗುಡ್ಡದ ಮೇಲಿನ ಹೊಸ ಸರ್ಕಾರಿ ವಸತಿಯಲ್ಲಿ ಮನೆ ಸಿಕ್ಕಿತ್ತು. ಹಳೆಯ ಕೋಣೆಯ ಕೀಲಿಯನ್ನು ಬೆಳಿಗ್ಗೆಯೇ ಮರಳಿಸಿಯಾಗಿತ್ತು, ಹೊಸದರ ಕೀಲಿಯನ್ನು ಸಂಜೆ ಕಚೇರಿ ಮುಚ್ಚುವ ಮೊದಲು ಪಡೆಯಬೇಕಿತ್ತು; ನಡುವಿನ ಆ ಹೊತ್ತಿನಲ್ಲಿ ಅವರಿಗಿದ್ದ ಮನೆಯೆಂದರೆ ನಮ್ಮ ಟ್ರಕ್ಕು. ಒಯ್ಯಿರಿ ಎಂದು ಅವರು ಕೇಳಿದ್ದು ಯಜಮಾನರ ಫೋಟೊ ಇರುವ ಪೂಜೆಯ ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ, ಒಂದು ಸೀಮೆಎಣ್ಣೆ ಹೀಟರು, ಬಟ್ಟೆಯ ಗಂಟು. ಗೃಹಪ್ರವೇಶಕ್ಕೆ ಬರಿಗೈಯಲ್ಲಿ ಹೋಗುವುದುಂಟೇ ಎಂದು ನಾವು ಅದರ ಜೊತೆಗೆ ಆರು ಕುರ್ಚಿಗಳ ಊಟದ ಮೇಜನ್ನು ಟೋಕಿಯೊದಿಂದಲೇ ಹೇರಿಕೊಂಡು ಬಂದಿದ್ದೆವು. ಅವರು ಒಬ್ಬರೇ ಇರುವವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಆರು ಕುರ್ಚಿಯ ಮೇಜು ನೋಡಲು ಭರ್ಜರಿಯಾಗಿತ್ತು.

ಏರಿನ ಅರ್ಧದಲ್ಲಿ ಟ್ರಕ್ಕು ವಿಚಿತ್ರವಾಗಿ ವರ್ತಿಸತೊಡಗಿತು. ನಾನು ಒತ್ತಿದಷ್ಟೂ ಎಂಜಿನ್ ಗರ್ಜಿಸುತ್ತಿತ್ತು, ಚಕ್ರಗಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಗೇರ್‌ಪೆಟ್ಟಿಗೆಯ ಉಸಿರುಕೊಳವೆಯಿಂದ ಕೆಂಪು ನೊರೆ ರಸ್ತೆಗೆ ತೊಟ್ಟಿಕ್ಕುತ್ತಿತ್ತು. "ಎಣ್ಣೆ ಕಡಿಮೆಯಾಗಿದೆ ಅನ್ಸತ್ತೆ, ನನ್ನ ಹತ್ರ ಒಂದು ಡಬ್ಬಿ ಇದೆ, ಹಾಕ್ಲಾ?" ಎಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಲಿಂಗರಾಜು ತಮ್ಮ ಚೀಲಕ್ಕೆ ಕೈಹಾಕಿದಾಗ ನಾನು, ಚೀಲದಲ್ಲಿ ಗೇರ್ ಎಣ್ಣೆ ಇಟ್ಟುಕೊಂಡು ಓಡಾಡುವವರು ಯಾರಪ್ಪ ಎಂದು ಕೇಳಿದೆ. ಹೊಸ ವರ್ಷಕ್ಕೆ ಮನೆ ಬದಲಿಸಿದಾಗ ನದಿಯ ಒಡ್ಡಿನ ಇಳಿಜಾರಿನಲ್ಲಿ ನಿಲ್ಲಿಸಿ ಅಳೆದಿದ್ದರಂತೆ, ಕಡಿಮೆ ಕಂಡಿತ್ತಂತೆ, ಹಾಕಿದ್ದರಂತೆ, ಇದು ಮಿಕ್ಕಿದ್ದು. "ಅಯ್ಯೋ ಲಿಂಗರಾಜು ಅವ್ರೇ, ನಾನೂ ಹಾಕಿದ್ದೆ ಕಣ್ರೀ," ಎಂದರು ಬಳಗದ ಇನ್ನೊಬ್ಬ ಸದಸ್ಯ ಶಿವಕುಮಾರ. ಅವರು ಹಿಮ ಬಿದ್ದ ಬೆಳಿಗ್ಗೆ ಎಂಜಿನ್ ಆಗಷ್ಟೇ ಚಾಲೂ ಮಾಡಿ, ತಣ್ಣನೆಯ ಎಣ್ಣೆಯನ್ನು ಬಿಸಿ ಗುರುತಿನವರೆಗೆ ಏರಿಸಿದ್ದರು. ಸಂಶೋಧಕಿ ಅಹಲ್ಯಾ, "ನಾನು ಅಳೀಲೇ ಇಲ್ಲ, ಸುಮ್ನೆ ಹಾಕ್ದೆ. ಡೀಸೆಲ್ ಒಂದೇ ತುಂಬ್ಸಿ ಕೊಟ್ರೆ ಚೆನ್ನಾಗಿರಲ್ಲ ಅಂತ," ಎಂದರು. "ಮೇಡಂ, ಪಿಎಚ್‌ಡಿ ನಿಮ್ದು ಯಾವುದ್ರಲ್ಲಿ?" ಎಂದು ಲಿಂಗರಾಜು. "ದ್ರವಗಳ ಚಲನೆಯಲ್ಲಿ. ಯಾಕೆ, ನಿಮ್ಮ ಇಳಿಜಾರಿಗೆ ಹೇಳಿಕೊಡ್ಲಾ?" ಎಂದು ಅಹಲ್ಯಾ. ಯಾರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಮಾಡಿದ ಉಪಕಾರವನ್ನು ಹೇಳಿಕೊಳ್ಳುವುದು ಕೀಳೆಂದು ಎಲ್ಲರೂ ತಿಳಿದಿದ್ದರು.

ಹೆಚ್ಚಾದ ಎಣ್ಣೆ ತಿರುಗುವ ಹಲ್ಲುಗಳಿಗೆ ಸಿಕ್ಕಿ, ಮಜ್ಜಿಗೆ ಕಡೆದಂತೆ ನೊರೆಯಾಗಿ, ನೊರೆಯಲ್ಲಿ ಒತ್ತಡ ನಿಲ್ಲದೆ ಗೇರು ಜಾರುತ್ತದೆ. ಕಡಿಮೆಯಾದಾಗಲೂ ಜಾರುವುದರಿಂದ ಉಪಕಾರಿಗಳು ಮತ್ತಷ್ಟು ಹಾಕುತ್ತಾರೆ. ಈ ಇಡೀ ಅವಧಿಯಲ್ಲಿ, ಮಾನ್ಯರೇ, ತಾವು ಎಲ್ಲಿದ್ದಿರಿ? ಒಂದು ಕೆಮ್ಮು, ಒಂದು ಸನ್ನೆ, ಕೊಳವೆಯ ಬಾಯಿಯಿಂದ ತುಸು ಹೊರಗೆ ನೆಗೆದು ಎಣ್ಣೆ ಹಿಡಿದ ಕೈಯನ್ನು ತಡೆಯುವಷ್ಟಾದರೂ ಸೌಜನ್ಯ ತಮ್ಮಿಂದ ಸಾಧ್ಯವಿರಲಿಲ್ಲವೇ? ಹೊರಗೆಳೆದು ಕೇಳಿದರೆ ಮಾತ್ರ ಹೇಳುತ್ತೇನೆ ಎಂಬ ತಮ್ಮ ಗಾಂಭೀರ್ಯ ಪೀಠಾಧಿಪತಿಗಳಿಗೆ ಒಪ್ಪುತ್ತದೆ, ಟ್ರಕ್ಕಿಗಲ್ಲ.

ಟ್ರಕ್ಕನ್ನು ಹಿಂದಕ್ಕೆ ಜಾರಿಸಿ ರಸ್ತೆಬದಿಯ ಸಮತಟ್ಟಿಗೆ ತಂದೆವು. ಕನ್ನೋ-ಸಾನ್ ಅವರನ್ನು ಆರರಲ್ಲಿ ಒಂದು ಕುರ್ಚಿ ಇಳಿಸಿ ಕೂರಿಸಿದೆವು. ಅವರು ಪೂಜೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು, ನಿಮಗೆಲ್ಲ ತೊಂದರೆಯಾಯಿತು, ಸುಮಿಮಾಸೆನ್, ಕ್ಷಮಿಸಿ ಎಂದರು. ನಾವೂ ಸುಮಿಮಾಸೆನ್ ಎಂದೆವು. ಅವರು ಮತ್ತೊಮ್ಮೆ ಅಂದರು. ನೊರೆ ಇಳಿಯುವವರೆಗೆ ಇದು ನಡೆಯಿತು. ಅವರ ಹೀಟರಿಗೆ ಸೀಮೆಎಣ್ಣೆ ತುಂಬುವ ಪ್ಲಾಸ್ಟಿಕ್ ಕೈಪಂಪು ಇತ್ತು. ಅದರ ಮೂತಿಗೆ, ಟ್ರಕ್ಕಿನ ಗಾಜು ತೊಳೆಯುವ ನೀರಿನ ತೆಳು ಕೊಳವೆಯನ್ನು ಕತ್ತರಿಸಿ ಟೇಪು ಸುತ್ತಿ, ತಮ್ಮನ್ನು ಹೊರಗಿಟ್ಟು, ತಮ್ಮ ದಾರಿಯಲ್ಲೇ ಇಳಿಬಿಟ್ಟು ಹೀರಿದೆವು. ಕೊಂಬಿನಿ ಎಂಬ ದಿನವಿಡೀ ತೆರೆದ ಅಂಗಡಿಯಲ್ಲಿ ಕೊಂಡ ಚಹಾದ ಖಾಲಿ ಬಾಟಲಿಗಳು ದಾಸವಾಳದ ಶರಬತ್ತಿನಂಥ ಎಣ್ಣೆಯಿಂದ ತುಂಬಿದವು. ಸುಟ್ಟ ವಾಸನೆ ಇರಲಿಲ್ಲ, ಬಣ್ಣ ಕಂದಿರಲಿಲ್ಲ. ಸದ್ಯ, ಕೆಟ್ಟಿರಲಿಲ್ಲ, ಹೆಚ್ಚಾಗಿತ್ತು ಅಷ್ಟೇ. ಸ್ವಲ್ಪ ಹೀರುವುದು, ಎಂಜಿನ್ ಓಡಿಸಿ ಲಿವರನ್ನು ಎಲ್ಲ ಗೇರುಗಳಲ್ಲಿ ಸುತ್ತಿಸುವುದು, ತಮ್ಮನ್ನು ಕೇಳುವುದು, ಮತ್ತೆ ಹೀರುವುದು. ಕಡೆಗೆ ತಾವು ಬಿಸಿ ಗುರುತಿನಲ್ಲಿ ನಿಂತಿರಿ. ಬಾಟಲಿ ಹಿಡಿದಿದ್ದ ಲಿಂಗರಾಜು, "ಒಂದು ಹನಿ ಎಕ್ಸ್‌ಟ್ರಾ ಇರ್ಲಿ ಬಿಡಿ, ಸೇಫ್ಟಿಗೆ," ಎಂದಾಗ ಅಹಲ್ಯಾ ಅವರ ಕೈಯಿಂದ ಬಾಟಲಿ ಕಿತ್ತುಕೊಂಡರು.

ಟ್ರಕ್ಕು ಏರಿತು. ಕಚೇರಿಯ ಬಾಗಿಲಿಗೆ ಬೀಗ ಹಾಕುತ್ತಿದ್ದ ಅಧಿಕಾರಿ ಮತ್ತೆ ತೆರೆದು, ತಮ್ಮ ಕಚೇರಿ ಇಷ್ಟು ಬೇಗ ಮುಚ್ಚುವುದಕ್ಕಾಗಿ ನಮ್ಮಲ್ಲಿ ಕ್ಷಮೆ ಕೇಳಿ, ಕೀಲಿ ಕೊಟ್ಟರು. ಮನೆ ಚಿಕ್ಕದು, ಚೊಕ್ಕ. ಕಿಟಕಿಯ ಕೆಳಗೆ ಬೆಳಕು ಬೀಳುವ ಜಾಗದಲ್ಲಿ ಕನ್ನೋ-ಸಾನ್ ಒಂದು ಕ್ಷಣ ನಿಂತು ಅಲ್ಲಿ ತಮ್ಮ ಹೊಲಿಗೆ ಯಂತ್ರ ಇಟ್ಟರು. ಆಮೇಲೆ ನಾವು ಮೇಜನ್ನು ಓರೆ ಮಾಡಿ, ಕಾಲು ಬಿಚ್ಚಿ, ಬಾಗಿಲನ್ನು ತರಚಿ ಒಳತಂದೆವು. ಅದು ಕಿಟಕಿಯ ಕೆಳಗಲ್ಲದೆ ಬೇರೆಲ್ಲೂ ಹಿಡಿಸಲಿಲ್ಲ. ಹೊಲಿಗೆ ಯಂತ್ರ ಬಾಗಿಲಾಚೆ, ಮನೆಯೊಳಗಿನ ಓಣಿಯಂಥ ಕಿರುದಾರಿಗೆ, ಸೀಮೆಎಣ್ಣೆ ಹೀಟರಿನ ಪಕ್ಕಕ್ಕೆ ಹೋಯಿತು. ಅವರು ಮೇಜಿಗೆ ಕೈಯಿಟ್ಟು ತಲೆಬಾಗಿ ಧನ್ಯವಾದ ಹೇಳಿದರು. ನಾವು ಫೋಟೊ ತೆಗೆಸಿಕೊಂಡೆವು. ಆರೂ ಕುರ್ಚಿ ಬರುವ ಹಾಗೆ.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಮ್ಮ ವಂಶದ ಯಾರನ್ನಾದರೂ, ತುಸು ಬಾಯಿ ಇರುವವರನ್ನು, ನಮ್ಮ ಬಳಗದ ಪ್ರತಿ ಸದಸ್ಯರ ಗಂಟಲಿಗೂ ಒಬ್ಬೊಬ್ಬರಂತೆ ನಿಯೋಜಿಸಿ; ಅಷ್ಟು ಸಿಬ್ಬಂದಿ ಇಲ್ಲವಾದರೆ ನನ್ನನ್ನು ಕೈಬಿಟ್ಟರೂ ಅಡ್ಡಿಯಿಲ್ಲ, ನಾನು ಬರೀ ಓಡಿಸುವವನು, ಮೇಜಿನ ಒಂದು ಮೂಲೆಯನ್ನಷ್ಟೇ ಹಿಡಿದಿದ್ದೆ.

ಎಂಜಿನ್ ಓಡುತ್ತಿರುವವರೆಗೆ ತಮ್ಮ ವಿಶ್ವಾಸಿ,
ಚಂದ್ರಕಾಂತ
ಕೋಟೋ, ಟೋಕಿಯೊ

ತಾ.ಕ.: ತಾವೀಗ ಸರಿಯಾದ ಗುರುತಿನಲ್ಲಿರುವುದರಿಂದ ಟ್ರಕ್ಕು ಯಾವ ಬೆಟ್ಟವನ್ನಾದರೂ ಏರೀತೆಂದು ಬಳಗ ಹಿಗ್ಗಿದೆ. ಬರುವ ಭಾನುವಾರ ಕನ್ನೋ-ಸಾನ್ ಅವರಿಗೆ ಗಾಜಿನ ಬಾಗಿಲಿನ ದೊಡ್ಡ ಕಪಾಟೊಂದನ್ನು ಒಯ್ಯುವುದೆಂದು, ಹೊಲಿಗೆ ಯಂತ್ರ ಇರುವ ಓಣಿಗೆ ಅದು ಅಳತೆ ಮಾಡಿಸಿದಂತೆ ಹೊಂದುತ್ತದೆಂದು ಶಿವಕುಮಾರ ನಿರ್ಧರಿಸಿದ್ದಾರೆ; ಯಾರೂ ವಿರೋಧಿಸಲಿಲ್ಲ, ಓಡಿಸಲು ನಾನು ಒಪ್ಪಿದ್ದೇನೆ. ನಾಲ್ಕು ವರ್ಷದಲ್ಲಿ ನಾವು ಎಂದೂ ಕೇಳದ್ದನ್ನು ಇಲ್ಲಿಂದಲೇ ಕೇಳುತ್ತೇನೆ, ಅವರಿಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ: ಕನ್ನೋ-ಸಾನ್, ನಾವು ಬರಲೇ?