ಮಂಡಕ್ಕಿ ತಿಂದ ಬಾಯಿ

ಹೊಗಳುವುದಕ್ಕೆ ವಿದ್ಯೆ ಬೇಕಿಲ್ಲ, ಬಾಯಿ ತುಂಬ ತಿಂಡಿಯಿದ್ದರೆ ಸಾಕು. ಇದನ್ನು ನಾನು ಕಲಿತದ್ದು ಹಿರೇಕೆರೂರಿನಲ್ಲಿ ಮಾಸ್ತರನಾಗಿದ್ದಾಗ. ಯುದ್ಧದ ಕಾಲ, ಸಕ್ಕರೆ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಭೆಗಳಿಗೇನೂ ಕೊರತೆಯಿರಲಿಲ್ಲ. ತಿಂಗಳಿಗೊಮ್ಮೆ ಸುತ್ತಲಿನ ಹಳ್ಳಿಗಳ ಮಾಸ್ತರರೆಲ್ಲ ಸೇರುತ್ತಿದ್ದೆವು. ಒಬ್ಬರು ಮಕ್ಕಳಿಗೆ ಮಾದರಿ ಪಾಠ ಮಾಡಬೇಕು, ಉಳಿದವರು ಹಿಂದೆ ಕುಳಿತು ನೋಡಿ ತಪ್ಪು ಒಪ್ಪು ಹೇಳಬೇಕು. ಆದರೆ ಪಾಠ ಮಾಡಿದವರೇ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ ತಿನ್ನಿಸುವ ಪದ್ಧತಿಯೂ ಇತ್ತು, ಅದೂ ಟೀಕೆಗೆ ಮೊದಲು! ಉಂಡ ಮನೆಗೆ ಎರಡು ಬಗೆಯುವುದುಂಟೆ? ಹೀಗಾಗಿ ಎಲ್ಲರ ಪಾಠವೂ ‘ಭಾಳ ಚಲೋ’ ಆಗುತ್ತಿತ್ತು.

ಒಮ್ಮೆ ಮಾಸೂರಿನ ಶಂಕ್ರಪ್ಪ ಮಾಸ್ತರರ ಸರದಿ ಬಂತು. ಹೊಸಬರು, ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ಮುಂದಿನ ವಾರ ಸಾಹೇಬರು ತಪಾಸಣೆಗೆ ಬಂದು ಅವರ ಪಾಠ ನೋಡುವವರಿದ್ದರು. ಪುಣ್ಯಾತ್ಮರು ಪಾಠ ಮುಗಿಯುವವರೆಗೂ ಕರಿಹಲಗೆಯ ಕಡೆಗೇ ಮುಖ ಮಾಡಿ ನಿಂತರು. ಮಕ್ಕಳಿಗೆ ಕಂಡದ್ದು ಅವರ ಬೆನ್ನೊಂದೇ. ಹಿರಿಯರೊಬ್ಬರು ಮಂಡಕ್ಕಿ ಮುಕ್ಕುತ್ತ, “ಅಕ್ಷರ ಮುತ್ತಿನ್ಹಂಗ ಅದಾವ ನೋಡ್ರಿ” ಅಂದರು. ಉಳಿದವರು ತಲೆಯಾಡಿಸಿದರು.

ಶಂಕ್ರಪ್ಪನವರ ಮುಖ ಇಳಿಯಿತು. “ಖರೇ ಹೇಳ್ರಿ. ನನ್ನ ತಪ್ಪು ಸಾಹೇಬರ ಬಾಯಿಲೆ ಕೇಳಿದ್ರ ನೌಕರಿ ಹೋಗ್ತೈತಿ, ನಿಮ್ಮ ಬಾಯಿಲೆ ಕೇಳಿದ್ರ ಉಳೀತೈತಿ” ಅಂದರು.

ನಾನು ತಾಟು ಸರಿಸಿ, “ಮಾಸ್ತರ, ನಿಮಗ ವಿಷಯ ಚಲೋ ಗೊತ್ತೈತಿ. ಆದ್ರ ಹಲಗಿಗೆ ಹೇಳಾಕತ್ತೀರಿ. ಹುಡುಗರ ಕಡೆ ಹೊಳ್ಳಿ ಹೇಳ್ರಿ” ಅಂದೆ. ಸಭೆ ಅಗಿಯುವುದನ್ನೇ ನಿಲ್ಲಿಸಿತು. ಶಂಕ್ರಪ್ಪನವರು ಮಾತ್ರ ಕೈಮುಗಿದರು. ಸಾಹೇಬರು ಬಂದಾಗ ಮಕ್ಕಳ ಕಡೆ ತಿರುಗಿ ನಿಂತರು, ನೌಕರಿ ಪಕ್ಕಾ ಆಯಿತು.

ನನಗೆ ಕೋಡು ಮೂಡಲು ಇಷ್ಟು ಸಾಕಲ್ಲವೆ! ಇನ್ನು ಮೇಲೆ ಮೊದಲು ಟೀಕೆ, ಆಮೇಲೆ ಮಂಡಕ್ಕಿ ಎಂದು ಹಟ ಹಿಡಿದು ನಿಯಮ ಮಾಡಿಸಿದೆ. ಮುಂದಿನ ಸರದಿ ನನ್ನದೇ ಆಗಿತ್ತು. ಪಾಠ ಮುಗಿಸಿ, “ಸಂಕೋಚ ಬ್ಯಾಡ, ಬಿಚ್ಚಿ ಹೇಳ್ರಿ” ಎಂದು ಎದೆಯುಬ್ಬಿಸಿ ಕುಳಿತೆ.

ಶಂಕ್ರಪ್ಪನವರು ಎದ್ದರು. “ಸಿಟ್ಟಾಗಬ್ಯಾಡ್ರಿ ಮಾಸ್ತರ. ನೀವು ಪ್ರಶ್ನೆ ಕೇಳ್ತೀರಿ, ಹುಡುಗರು ಬಾಯಿ ತೆರೆಯೋದ್ರಾಗ...”

“ಉತ್ತರಾನೂ ನಾನ ಹೇಳ್ತೇನಿ ಅಂತೀರೇನು? ಸಾಧ್ಯನ ಇಲ್ಲ!” ಎಂದೆ ನಾನು.

ಸಭೆ ಘೊಳ್ಳೆಂದಿತು. ಯಾಕೆ ನಗುತ್ತಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಶಂಕ್ರಪ್ಪನವರು ನಗಲಿಲ್ಲ. ಮಂಡಕ್ಕಿಯ ತಾಟು ತಂದು ನನ್ನ ಮುಂದಿಟ್ಟು ಮೆಲ್ಲಗೆ ಅಂದರು: “ನೀವೊಬ್ರು ಮೊದಲ ತಿನ್ರಿ ಮಾಸ್ತರ. ನಿಮ್ಮ ಬಾಯಿ ತುಂಬಿರಲಿ, ಅಷ್ಟರಾಗ ನಾ ಮಾತು ಮುಗಸ್ತೇನಿ.”