ಔಷಧಿ ಅಂಗಡಿಯ ಕೋಳಿಮರಿ

ಅಭಿಪ್ರಾಯಗಳು ನನ್ನಲ್ಲಿ ಮೊದಲಿನಿಂದಲೂ ಹೇರಳವಾಗಿವೆ. ಕೇಳುವವರಿಲ್ಲದ ಕಾರಣ ಖರ್ಚಾಗದೆ ಉಳಿದಿವೆ. ಕಚೇರಿಯಲ್ಲಿದ್ದಾಗ ಮೇಲಧಿಕಾರಿಗಳು ಕಡತದ ಮೇಲೆ ‘ಅಭಿಪ್ರಾಯ ತಿಳಿಸಿ’ ಎಂದು ಬರೆದು ಕಳಿಸುತ್ತಿದ್ದರು. ನಾನು ತಿಳಿಸುವ ಹೊತ್ತಿಗೆ ವಿಷಯ ತೀರ್ಮಾನವಾಗಿ, ಜಾರಿಗೆ ಬಂದು, ಕೆಲವು ಸಲ ರದ್ದೂ ಆಗಿರುತ್ತಿತ್ತು. ನಿವೃತ್ತನಾಗಿ ಕುವೆಂಪುನಗರದ ಮನೆಯಲ್ಲಿ ಕುಳಿತ ಮೇಲಂತೂ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂಬಷ್ಟು ಸಣ್ಣ ಪ್ರಶ್ನೆಯನ್ನೂ ನನ್ನ ಹೆಂಡತಿ ವಿಶಾಲಾಕ್ಷಿ ನನಗೆ ಹಾಕುವುದಿಲ್ಲ. ಸರಿಯಾಗಿದೆ ಎಂದು ಅವಳೇ ಹೇಳಿ ಬಡಿಸುತ್ತಾಳೆ. ಇಂಥವನ ಬಳಿಗೆ ಒಬ್ಬರು ತಾವಾಗಿಯೇ ಬಂದು, ನೀವು ಹೇಳಿದಂತೆ ಮಾಡುತ್ತೇನೆ ಎಂದರೆ ಅವನ ತಲೆ ನೆಟ್ಟಗೆ ನಿಲ್ಲುವುದು ಕಷ್ಟ.

ಹಾಗೆ ಬಂದವರು ಎದುರುಮನೆಯ ರೀಟಾ ಮೇಡಂ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು. ಈಗಲೂ ಅವರು ಗೇಟು ತೆಗೆದರೆ ನಾನು ಪೇಪರು ಮಡಿಸಿ ನೆಟ್ಟಗೆ ಕೂರುತ್ತೇನೆ. ಪ್ರತಿ ಈಸ್ಟರಿಗೆ ಅವರು ಬೀದಿಯ ಮನೆಮನೆಗೂ ಗೋಡಂಬಿಯ ಮೊಟ್ಟೆ ಹಂಚುತ್ತಾರೆ. ಗೋಡಂಬಿಯನ್ನು ನುಣ್ಣಗೆ ರುಬ್ಬಿ, ಸಕ್ಕರೆ ಸೇರಿಸಿ, ಗುಲಾಬಿ ನೀರು ಚಿಮುಕಿಸಿ, ರೇಷ್ಮೆಯಾಗುವವರೆಗೆ ನಾದಿ, ಅಚ್ಚಿಗೆ ಒತ್ತಿ, ಮೇಲೊಂದು ಸಕ್ಕರೆಯ ಹೂ ಕೂರಿಸಿದ ಮೊಟ್ಟೆ ಅದು. ನಮ್ಮಂಥವರ ಮನೆಗಳಿಗೂ ಸಲ್ಲಲೆಂದು ಅದರಲ್ಲಿ ಮೊಟ್ಟೆಯ ಸೋಂಕು ಇರುವುದಿಲ್ಲ. ನನಗೆ ಸಕ್ಕರೆ ಕಾಯಿಲೆ. ವಿಶಾಲಾಕ್ಷಿಯ ಆಡಳಿತದಲ್ಲಿ ನನಗೆ ಹಬ್ಬಕ್ಕೊಂದು ಸಿಹಿ ಮಂಜೂರಾಗಿದೆ, ಒಂದೇ ಒಂದು. ನಮ್ಮ ಹಬ್ಬಗಳ ಸಿಹಿಯ ಜೊತೆಗೆ ಉಪದೇಶವನ್ನೂ ನುಂಗಬೇಕು. ರೀಟಾ ಮೇಡಂ ಅವರ ಮೊಟ್ಟೆಗೆ ಮಾತ್ರ ಆ ತೆರಿಗೆಯಿಲ್ಲ. ಬೇರೆಯವರ ಹಬ್ಬದ ತಟ್ಟೆಯ ಎದುರು ಮುಖ ಗಂಟು ಹಾಕಬಾರದು ಎಂಬುದು ವಿಶಾಲಾಕ್ಷಿಯ ತತ್ವ. ಹೀಗಾಗಿ ವರ್ಷಕ್ಕೊಮ್ಮೆ ನಾನು ನೆಮ್ಮದಿಯಾಗಿ ತಿನ್ನುವ ಸಿಹಿ ಎಂದರೆ ಅದೊಂದೇ. ಯುಗಾದಿ ಕಳೆಯಿತೆಂದರೆ ನನ್ನ ಮನಸ್ಸು ಎದುರುಮನೆಯ ಕಡೆಗೇ ಇರುತ್ತದೆ.

ಈ ವರ್ಷ ಮೇಡಂ ಮನೆಯ ಮುಂದೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗ ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರು ಹಾಕಿದ ಡಾಕ್ಟರು ಆ ಕೈಯಲ್ಲಿ ಚಮಚವನ್ನೂ ಎತ್ತಬೇಡಿ ಎಂದಿದ್ದರಂತೆ. ನಾದುವುದಂತೂ ದೂರದ ಮಾತು. ಅಷ್ಟರಲ್ಲಿ ಮೂಲೆಯ ಔಷಧಿ ಅಂಗಡಿಗೆ ಈಸ್ಟರಿನ ಸಲುವಾಗಿ ಮಾರ್ಷ್‌ಮ್ಯಾಲೋ ಎಂಬ ಮಿಠಾಯಿ ಬಂದಿತ್ತು. ಕೋಳಿಮರಿಯ ಆಕಾರ, ಅರಿಶಿನದ ಬಣ್ಣ. ಅದನ್ನೇ ಹಂಚಿಬಿಡೋಣವೆಂದು ಮೇಡಂ ಒಂದು ಡಬ್ಬ ತೆಗೆದಿಡಲು ಹೇಳಿ ಬಂದಿದ್ದರು. ರುಚಿ ನೋಡದೆ ಹಂಚುವ ಜಾತಿಯವರಲ್ಲ. ಆದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವರು ಸಿಹಿ ಬಿಟ್ಟಿರುತ್ತಾರೆ. ವಿಶಾಲಾಕ್ಷಿಯನ್ನು ಕೇಳೋಣವೆಂದರೆ ಆ ದಿನ ಏಕಾದಶಿ, ಅವಳದು ಉಪವಾಸ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬಾರದು ಎಂದು ನನ್ನ ಡಾಕ್ಟರು ಹೇಳಿದ್ದಾರೆ. ಅವರ ಮಾತುಗಳಲ್ಲಿ ನಾನು ಅಕ್ಷರಶಃ ಪಾಲಿಸುವುದು ಅದೊಂದನ್ನೇ. ಹೀಗೆ ಇಬ್ಬರು ವ್ರತಸ್ಥರ ನಡುವೆ ಸಿಹಿ ತಿನ್ನಲು ಅರ್ಹನಾಗಿ ಉಳಿದವನು ಒಬ್ಬ ಸಕ್ಕರೆ ಕಾಯಿಲೆಯವನು.

“ನೀವೇ ತಿಂದು ಹೇಳಿ ರಾಯರೇ. ಸಂಜೆ ಬರ್ತೀನಿ. ಚೆನ್ನಾಗಿದ್ರೆ ಡಬ್ಬ ತಗೊಳ್ತೀನಿ, ಇಲ್ದಿದ್ರೆ ಒಂದೇ ಕೈಯಲ್ಲಾದ್ರೂ ಹೆಂಗೋ ನಾದ್ತೀನಿ. ಬರೀ ತಟ್ಟೆ ಅಂತೂ ಕಳ್ಸಲ್ಲ” ಎಂದರು ಮೇಡಂ. ವಿಶಾಲಾಕ್ಷಿ ಒಳಗಿನಿಂದಲೇ ಅನುಮತಿ ಕೊಟ್ಟಳು. ಒಂದು, ಅದೂ ನಾಲಗೆಗೆ ಮಾತ್ರ.

ಔಷಧಿ ಅಂಗಡಿಯ ಮಾದೇಶ ನನ್ನ ಮುಖ ಕಂಡರೆ ಬಿಪಿ ಮಾತ್ರೆಯ ಕಡೆಗೆ ಕೈ ಹಾಕುತ್ತಾನೆ. ಕೋಳಿಮರಿ ಬೇಕು ಎಂದೆ. ಅವನು ಒಂದು ಸಣ್ಣ ಪ್ಯಾಕೆಟ್ಟನ್ನು ಮಾತ್ರೆ ಹಾಕುವ ಅದೇ ಕಂದು ಕವರಿಗೆ ಹಾಕಿ ಮುಂದೆ ನೂಕಿದ. ಆ ಕವರು ಕೈಗೆ ಬಂದರೆ ಬಾಯಿಗೆ ಒಂದೇ ಪ್ರಶ್ನೆ ಬರುವುದು. ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದೆ. ಅವನೂ ತಲೆಯೆತ್ತದೆ ಊಟ ಆದಮೇಲೆ ಒಂದು ಎಂದ. ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದವರು ನಕ್ಕ ಮೇಲೇ ನಮ್ಮಿಬ್ಬರಿಗೂ ಎಚ್ಚರವಾದದ್ದು. ಇದು ಸಸ್ಯಾಹಾರ ತಾನೇ ಎಂದು ಗಂಭೀರವಾಗಿ ವಿಚಾರಿಸಿದೆ. ಮಾದೇಶ ಪ್ಯಾಕೆಟ್ಟು ತಿರುಗಿಸಿ ತೋರಿಸಿದ.

“ಹಸ್ರು ಚುಕ್ಕೆ ಅದೆ ನೋಡಿ ಸಾ. ಕೋಳಿ ಆದ್ರೂವೆ ವೆಜ್ಜು.”

ಊಟವಾದ ಮೇಲೆ ಕೋಳಿಮರಿಯನ್ನು ಸ್ಟೀಲಿನ ತಟ್ಟೆಯಲ್ಲಿ ಕೂರಿಸಿ ಎದುರು ಕುಳಿತೆ. ಅದು ಎರಡು ಕಪ್ಪು ಚುಕ್ಕೆಗಳಿಂದ ನನ್ನನ್ನು ನೋಡಿತು. ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕಡಿದವನಿಗೂ ಜನ್ಮಜನ್ಮಾಂತರದ ಪಾಪ ಸುತ್ತಿಕೊಂಡಿತು ಎಂಬ ಹಳೆಯ ಕಥೆ ಕೇಳಿ ಬೆಳೆದವನು ನಾನು. ಹಿಟ್ಟಿಗಿರುವ ನಿಯಮ ಸಕ್ಕರೆಗೆ ಇಲ್ಲವೆಂದು ಎಲ್ಲಿ ಹೇಳಿದೆ? ಈ ಸಂದೇಹವನ್ನು ವಿಶಾಲಾಕ್ಷಿಯ ಮುಂದಿಟ್ಟೆ. ಸಂಕ್ರಾಂತಿಯಲ್ಲಿ ಸಕ್ಕರೆ ಅಚ್ಚಿನ ಗಿಳಿ, ಆನೆ, ಹುಂಜ ಎಲ್ಲದರ ತಲೆ ಮುರಿದು ಕದ್ದು ತಿಂದಾಗ ಈ ಪುರಾಣ ಎಲ್ಲಿತ್ತು ಎಂದು ಅವಳು ಕೇಳಿದಳು. ಉಪವಾಸದ ದಿನ ಅವಳೊಡನೆ ಧರ್ಮಜಿಜ್ಞಾಸೆ ಮಾಡುವುದು ಕ್ಷೇಮವಲ್ಲ. ಬಾಲದ ಕಡೆಯಿಂದ ಕಚ್ಚಿದೆ.

ಹಲ್ಲು ಒಳಗೆ ಹೋಯಿತು, ಆದರೆ ಏನೂ ಸಿಗಲಿಲ್ಲ. ಮೊದಲು ಹೊರಗಿನ ಸಕ್ಕರೆ ಮರಳಿನಂತೆ ಕರಕರ ಎಂದಿತು. ಆಮೇಲೆ ಒಂದು ಮೆತ್ತನೆಯ ಪದಾರ್ಥ ಹಲ್ಲನ್ನು ವಿನಯದಿಂದ ಹಿಂದಕ್ಕೆ ನೂಕಿತು. ಜಗಿದಷ್ಟೂ ಅದು ಮೊದಲಿನ ಆಕಾರಕ್ಕೆ ಬರಲು ಪ್ರಯತ್ನಿಸುತ್ತಿತ್ತು. ಬಾಯಲ್ಲಿ ಯಾರೋ ಒಂದು ಸಣ್ಣ ದಿಂಬು ಇಟ್ಟು ಅದರ ಮೇಲೆ ಸಕ್ಕರೆ ನೀರು ಚೆಲ್ಲಿದ ಹಾಗಿತ್ತು. ಸಿಹಿ ಇತ್ತು, ರುಚಿ ಇರಲಿಲ್ಲ. ಎರಡೂ ಬೇರೆ ಬೇರೆ ಎಂಬುದು ಅರವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಈಗ ತೀರ್ಪು ಬರೆಯಬೇಕು. ಚೆನ್ನಾಗಿಲ್ಲ ಎಂದರೆ ಮೇಡಂ ಆ ಮುರಿದ ಕೈಯಲ್ಲೇ ನಾದಲು ಕೂರುತ್ತಾರೆ. ಹೇಳಿದ್ದನ್ನು ಮಾಡದೆ ಬಿಟ್ಟವರಲ್ಲ. ಚೆನ್ನಾಗಿದೆ ಎಂದರೆ ಈ ವರ್ಷದ ಗೋಡಂಬಿ ಮೊಟ್ಟೆಗೆ ನಾನೇ ಎಳ್ಳುನೀರು ಬಿಟ್ಟಂತೆ. ತಕ್ಕಡಿಯ ಒಂದು ಕಡೆ ನನ್ನ ನಾಲಗೆ, ಇನ್ನೊಂದು ಕಡೆ ಅವರ ಮಣಿಕಟ್ಟು. ಮಧ್ಯಾಹ್ನವೆಲ್ಲ ತೂಗಿದೆ. ನಾಲಗೆಯ ಕಡೆ ಎಷ್ಟು ಭಾರವಿತ್ತು ಎಂಬುದನ್ನು ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಕಡೆಗೆ ತ್ಯಾಗವೇ ಗೆದ್ದಿತು. ಸಂಜೆ ಮೇಡಂ ಬಂದಾಗ, ಬಹಳ ಚೆನ್ನಾಗಿದೆ, ಇಂಥದ್ದನ್ನು ನಾನು ತಿಂದೇ ಇರಲಿಲ್ಲ ಎಂದೆ. ಎರಡನೆಯ ಮಾತು ನಿಜವೇ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು.

“ನಾನು ಮಾಡೋದಕ್ಕಿಂತಲೂನಾ?” ಎಂದರು ಮೇಡಂ.

“ಒಂದು ಕೈ ಮೇಲೇ ಅನ್ನಬೇಕು” ಎಂದೆ. ತ್ಯಾಗ ಮಾಡುವವನು ಅರ್ಧಂಬರ್ಧ ಮಾಡಬಾರದು ಎಂಬುದು ನನ್ನ ಎಣಿಕೆ. ಮೇಡಂ ಒಂದು ಕ್ಷಣ ನನ್ನನ್ನು, ಕಾಪಿ ಹೊಡೆದ ಉತ್ತರಪತ್ರಿಕೆಯನ್ನು ನೋಡುವಂತೆ ನೋಡಿ, ಸರಿ ಎಂದು ಎದ್ದು ಹೋದರು. ಆ ರಾತ್ರಿ ನಾನು ಮಹಾತ್ಮರು ನಿದ್ದೆ ಮಾಡುವ ಹಾಗೆ ನಿದ್ದೆ ಮಾಡಿದೆ.

ಮಾರನೆಯ ಬೆಳಿಗ್ಗೆ ದ್ವಾದಶಿಯ ಊಟ ಮುಗಿಸಿ ವಿಶಾಲಾಕ್ಷಿ ಪ್ಯಾಕೆಟ್ಟಿನಿಂದ ಒಂದು ಕೋಳಿಮರಿ ತೆಗೆದು ಬಾಯಿಗೆ ಹಾಕಿಕೊಂಡಳು. ಎರಡು ಸಲ ಜಗಿದಳು. ನನ್ನ ಕಡೆ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಎದುರುಮನೆಗೆ ನಡೆದಳು. ಅವಳ ದನಿ ನಮ್ಮ ಜಗಲಿಗೆ ಸ್ಪಷ್ಟವಾಗಿ ಕೇಳಿತು.

“ರೀಟಾ, ಇದು ಪಾತ್ರೆ ಉಜ್ಜೋ ಸ್ಪಂಜು ಕಣ್ರೀ. ನಮ್ಮೋರ ಮಾತು ಕಟ್ಕೊಂಡು ಬೀದಿಗೆಲ್ಲ ಹಂಚ್ಬುಟ್ಟೀರಿ. ನೀವು ಕೂತ್ಕೊಂಡು ಹೇಳಿ, ನಾನು ನಾದ್ತೀನಿ.”

ಇಷ್ಟು ಸರಳ. ಬೀದಿಯಲ್ಲಿ ಇನ್ನೂ ಮಣಿಕಟ್ಟುಗಳಿವೆ ಎಂಬುದು, ಅದರಲ್ಲೂ ನನ್ನ ಬಳಿಯೇ ಎರಡು ಯಾವ ಕೆಲಸವೂ ಇಲ್ಲದೆ ಬಿದ್ದಿವೆ ಎಂಬುದು, ಇಡೀ ಮಧ್ಯಾಹ್ನದ ಆಲೋಚನೆಯಲ್ಲಿ ನನಗೆ ಹೊಳೆದಿರಲಿಲ್ಲ.

ಈಸ್ಟರಿನ ಬೆಳಿಗ್ಗೆ ಮೇಡಂ ಎಡಗೈಯಲ್ಲಿ ತಟ್ಟೆ ಹಿಡಿದು ಬಂದರು. ಕಸೂತಿಯ ಬಟ್ಟೆ ಸರಿಸಿದರೆ ಗೋಡಂಬಿ ಮೊಟ್ಟೆಗಳು ಹೂ ಮುಡಿದು ಕುಳಿತಿದ್ದವು. ಗುಲಾಬಿ ನೀರಿನ ಪರಿಮಳ ಹಜಾರವನ್ನೆಲ್ಲ ತುಂಬಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಆಗ ಅವರು ಕಂಕುಳಲ್ಲಿದ್ದ ಡಬ್ಬವನ್ನು ನನ್ನ ಮುಂದಿಟ್ಟರು.

“ತೆಗೆದಿಡೋಕೆ ಹೇಳಿದ್ನಲ್ಲ ರಾಯರೇ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ನಿಮಗೆ ಒಂದು ಕೈ ಮೇಲೇ ಅನ್ನಿಸ್ತಲ್ಲ, ಪೂರ್ತಿ ನಿಮಗೇ.”

ಅವರ ಮುಖದಲ್ಲಿ ನಗುವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮೇಷ್ಟರ ಕೆಲಸ ಮಾಡಿದವರು ಅದನ್ನು ಅಡಗಿಸುವುದರಲ್ಲಿ ಪಳಗಿರುತ್ತಾರೆ. ಹಬ್ಬಕ್ಕೊಂದೇ, ಯಾವುದು ಬೇಕೋ ತಗೊಳ್ಳಿ ಎಂದು ವಿಶಾಲಾಕ್ಷಿ ತಟ್ಟೆಯನ್ನೂ ಡಬ್ಬವನ್ನೂ ಪಕ್ಕಪಕ್ಕ ಇಟ್ಟಳು. ಇಬ್ಬರೂ ಕಾಯುತ್ತ ನಿಂತರು. ನಾನು ಡಬ್ಬಕ್ಕೆ ಕೈ ಹಾಕಿದೆ. ಇವರಿಗೆ ಮೊಟ್ಟೆ ಅಷ್ಟಕ್ಕಷ್ಟೆ ಕಣ್ರೀ ಎಂದು ವಿಶಾಲಾಕ್ಷಿ ನನ್ನ ಪಾಲಿನದನ್ನೂ ಎತ್ತಿಕೊಂಡಳು. ಮಾರ್ಷ್‌ಮ್ಯಾಲೋದ ಒಂದು ಗುಣವನ್ನು ಮಾತ್ರ ನಾನು ಪ್ರಾಮಾಣಿಕವಾಗಿ ಒಪ್ಪಬೇಕು. ಅದು ಬಾಯಲ್ಲಿರುವಷ್ಟು ಹೊತ್ತು ಮನುಷ್ಯ ಇನ್ನೊಂದು ಸುಳ್ಳು ಹೇಳಲಾರ.